ಬುವಾ ಬಂದಾಗ ನಾನು ಮಲಗಿದ್ದೆ

ನಾನು ಸುಳ್ಳು ಹೇಳುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಪೂರ್ತಿ ಓದಿದ ಮೇಲೆ ನೀವು ನಂಬಲಿಕ್ಕಿಲ್ಲ. ನಡೆದದ್ದನ್ನೇ ಹೇಳುತ್ತೇನೆ, ಹೇಳುವಾಗ ಮಾತ್ರ ಕೈ ಸ್ವಲ್ಪ ಧಾರಾಳ. ಮನೆಗೆ ಯಾರಾದರೂ ಬಂದರೆ ನನ್ನ ಹೆಂಡತಿ ಸುಮಿತ್ರಾ ಅವಲಕ್ಕಿಗೆ ಎರಡು ಹಿಡಿ ಶೇಂಗಾ ಹೆಚ್ಚಿಗೆ ಹಾಕುತ್ತಾಳೆ. ಅದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ನಾನು ಮಾತಿಗೆ ಹಾಕಿದರೆ ಮಾತ್ರ ಅವಳೇ ಅಡುಗೆಮನೆಯಿಂದ ಕೆಮ್ಮುತ್ತಾಳೆ.

ಬುವಾ ಅವರ ವಿಷಯದಲ್ಲಿ ನಡೆದದ್ದು ಇಷ್ಟು. ಬುವಾ ಎಂದರೆ ಧಾರವಾಡದ ಕಡೆಯ ದೊಡ್ಡ ಹಾಡುಗಾರರು. ನಮ್ಮ ಕಡೆ ಅಂಥವರನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ, ಬುವಾ ಎಂದರೆ ಮುಗಿಯಿತು. ಹನ್ನೆರಡು ವರ್ಷಗಳ ಹಿಂದೆ ನಾನು ಲೋಂಡಾ ಸ್ಟೇಶನ್ನಿನಲ್ಲಿ ನಿಂತಿದ್ದಾಗ ಅವರು ಹುಬ್ಬಳ್ಳಿ ಗಾಡಿಯಿಂದ ಒಬ್ಬರೇ ಇಳಿಯುತ್ತಿದ್ದರು. ಟ್ರಂಕು, ಹಾಸಿಗೆಯ ಸುರುಳಿ ಕೆಳಗೆ ಬಂದಿದ್ದವು, ಗವಸು ಹಾಕಿದ ತಂಬೂರಿ ಇನ್ನೂ ಬಾಗಿಲಲ್ಲೇ ಇತ್ತು. ಅಷ್ಟರಲ್ಲಿ ಗಾಡಿ ಹೊರಟಿತು. ನಾನು ಓಡಿಹೋಗಿ ತಂಬೂರಿ ಇಳಿಸಿಕೊಂಡೆ. "ಸಾವಕಾಶ್ರಿ, ಕುತ್ತಿಗಿ ಹಿಡೀಬ್ಯಾಡ್ರಿ, ಬುಡಾ ಹಿಡೀರಿ" ಎಂದರು. ಬುಡ ಹಿಡಿದೆ. ಆಚೆಯ ಪ್ಲಾಟ್‌ಫಾರ್ಮಿಗೆ ಒಯ್ದು ಗೋವಾ ಗಾಡಿಯಲ್ಲಿ ಇಟ್ಟೆ. ನನ್ನ ಹೆಸರನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬೆಳಗಾವಿಯ ಹಿಂದವಾಡಿಯಲ್ಲಿರುವ ನಮ್ಮ ಮನೆಯ ಕಟ್ಟೆಯ ಮೇಲೆ ಈ ಸಂಗತಿ ವರ್ಷದಿಂದ ವರ್ಷಕ್ಕೆ ಮೈ ತುಂಬಿಕೊಂಡಿತು. ಮೊದಲು ಬರೀ ತಂಬೂರಿ ಇತ್ತು. ಆಮೇಲೆ ಇಬ್ಬರೂ ಕೂಡಿ ಚಹಾ ಕುಡಿದೆವು. ಮತ್ತೆರಡು ಮಳೆಗಾಲ ಕಳೆಯುವುದರೊಳಗೆ ಬುವಾ ನನ್ನನ್ನು ಶಂಕ್ರಪ್ಪಾ ಎಂದು ಹೆಸರು ಹಿಡಿದು ಕರೆಯತೊಡಗಿದ್ದರು. ಬೆಳಗಾವಿಗೆ ಬಂದಾಗ ನಮ್ಮ ಮನೆಗೇ ಇಳಿಯುತ್ತೇನೆ ಎಂದು ಅವರು ಹಟ ಹಿಡಿಯುತ್ತಾರೆಂದೂ, ದೊಡ್ಡವರಿಗೆ ತೊಂದರೆ ಬೇಡವೆಂದು ನಾನೇ ಬೇಡ ಅನ್ನುತ್ತೇನೆಂದೂ ಒಂದು ದಿನ ನನ್ನ ಬಾಯಿಂದ ಬಂತು. ಆ ದಿನ ಸುಮಿತ್ರಾಳ ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಇದನ್ನೆಲ್ಲ ಕೇಳುತ್ತಿದ್ದವರು ಸಾಲಿಯಲ್ಲಿ ನನ್ನ ಜೊತೆ ಕಲಿತ ಇಬ್ಬರು ಗೆಳೆಯರು. ಬಸಲಿಂಗಪ್ಪನದು ಪೇಟೆಯಲ್ಲಿ ಭಾಂಡೆ-ಪಾತ್ರೆಗಳ ಅಂಗಡಿ. ಮಾರುತಿ ಖಾನಾಪುರದಲ್ಲಿ ಮಾಸ್ತರ. ಕಳೆದ ಚಳಿಗಾಲದಲ್ಲಿ ಖಾನಾಪುರದ ಹೊರಗೆ, ಮಲಪ್ರಭೆಯ ದಂಡೆಯ ಮಾವಿನ ತೋಪಿನಲ್ಲಿ, ರವಿವಾರ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಬಯಲು ಸಂಗೀತವೆಂದು ಗೊತ್ತಾಯಿತು. ಮೊದಲು ಹಾಡುವವರು ಬುವಾ. ಬಸಲಿಂಗಪ್ಪ ಒಂದು ಪಾವು ಕುಂದಾ ಹಿಡಿದುಕೊಂಡು ಮನೆಗೆ ಬಂದ. ಸಿಹಿ ತಂದರೆ ಅವನಿಗೆ ಏನೋ ಬೇಕಾಗಿದೆ ಎಂದೇ ಅರ್ಥ.

"ನಮ್ಮ ಅಕ್ಷತಾಗ ಬುವಾ ಅವರ ಕಡೆ ಹಾಡು ಕಲೀಬೇಕಂತ ಭಾಳ ಐತಿ. ಅವರು ಹೊಸಬರನ್ನ ತಗೊಳ್ಳೂದಿಲ್ಲಂತ. ನೀ ಒಂದು ಮಾತು ಹೇಳಿದ್ರ ಆತು" ಎಂದ.

"ಅದೇನು ದೊಡ್ಡದು ಬಿಡು" ಎಂದೆ. ಕುಂದಾದ ಪೊಟ್ಟಣವನ್ನು ಮಾತ್ರ ಬಿಚ್ಚದೆ ಪಕ್ಕಕ್ಕಿಟ್ಟೆ. ಅವನ ಮಗಳಿಗೆ ನಿಜವಾಗಿಯೂ ಒಳ್ಳೆಯ ಕಂಠವಿದೆ, ಅದೇ ನನಗೆ ಹೆಚ್ಚು ಚುಚ್ಚಿದ್ದು. ಸಾವಿರ ಜನರ ಗದ್ದಲದಲ್ಲಿ ಬುವಾ ಸಿಗಲಿಲ್ಲ ಎಂದರಾಯಿತು, ಹೇಗೋ ಪಾರಾಗುತ್ತೇನೆ ಎಂದುಕೊಂಡೆ.

ಜಾಗ ಹಿಡಿಯಲು ಶನಿವಾರ ಸಂಜೆಯೇ ಹೊರಟೆವು. ನಮ್ಮ ಟೆಂಟು ಎಂದರೆ ಬಸಲಿಂಗಪ್ಪನ ಗೋದಾಮಿನ ನೀಲಿ ತಾಡಪತ್ರಿ ಮತ್ತು ನಾಲ್ಕು ಬಿದಿರು. ಜೊತೆಗೆ ಎರಡು ಗಾದಿ, ಒಂದು ಜಮಖಾನೆ, ಸ್ಟೋವು, ಐವತ್ತು ಕಡಕ್ ರೊಟ್ಟಿ. ಬಸ್ಸಿನಿಂದ ಇದನ್ನೆಲ್ಲ ಇಳಿಸುವಾಗ ಹೆಗಲ ಮೇಲೆ ಒಂದೇ ಒಂದು ಕಂಬಳಿ ಹಾಕಿಕೊಂಡು ಬಂದ ಮಾರುತಿ ನಗುತ್ತ ನಿಂತ. "ನಮ್ಮ ಅಜ್ಜ ಕುರಿ ಹಿಂದ ವರ್ಷಕ್ಕ ಆರು ತಿಂಗಳು ಬಯಲಾಗ ಮಲಗತಿದ್ದ. ಅದಕ್ಕ ಕ್ಯಾಂಪ್ ಅಂತಾರಂತ ಪಾಪ ಅವಗ ಗೊತ್ತೇ ಇರಲಿಲ್ಲ" ಎಂದ. ಬಿದಿರು ನೆಟ್ಟವನೂ ಕೊನೆಗೆ ಅವನೇ.

ಅದಕ್ಕಿಂತ ಮೊದಲು ಎಲ್ಲಿ ನೆಡಬೇಕೆಂಬ ಪ್ರಶ್ನೆ ಬಂತು. ತೋಪಿನ ನಡುವೆ ಹಲಗೆಯ ವೇದಿಕೆ ಇತ್ತು, ಪರದೆ ಇನ್ನೂ ಕಟ್ಟಿರಲಿಲ್ಲ. ನನ್ನ ಮುಖ ಬುವಾ ಅವರ ಕಣ್ಣಿಗೆ ಬೀಳಬೇಕು, ಆದ್ದರಿಂದ ಸರಿಯಾಗಿ ಎದುರಿಗೇ ಇರಬೇಕು ಎಂದು ಬಸಲಿಂಗಪ್ಪನ ಹಟ. "ಅವರು ಯಾವ ಕಡೆ ಮಾರಿ ಮಾಡಿ ಕುಂದರ್ತಾರ? ನಿನಗ ಗೊತ್ತಿರಬೇಕಲ್ಲ" ಎಂದು ನನ್ನನ್ನು ನೋಡಿದ. ಗೊತ್ತಿಲ್ಲ ಎಂದು ಹೇಳುವ ಒಳ್ಳೆಯ ಅವಕಾಶ ಅದು. ಆದರೆ ಹನ್ನೆರಡು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೆ? "ಪೂರ್ವಕ್ಕ. ಅದೊಂದು ಬುವಾ ಅವರ ನೇಮ" ಎಂದುಬಿಟ್ಟೆ. ವೇದಿಕೆಯ ಪೂರ್ವಕ್ಕೆ, ಹತ್ತೇ ಹೆಜ್ಜೆ ದೂರದಲ್ಲಿ ಟೆಂಟು ಎದ್ದಿತು. ಅಲ್ಲಿ ನಾವು ಮಾತ್ರ ಇದ್ದೆವು. ಉಳಿದವರಿಗೆ ಜಾಗ ಹಿಡಿಯುವ ಬುದ್ಧಿಯಿಲ್ಲ ಎಂದು ಬಸಲಿಂಗಪ್ಪ ಬೀಗಿದ.

ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮತ್ತು ವೇದಿಕೆಯ ನಡುವೆ ದಪ್ಪನೆಯ ಕೆಂಪು ಪರದೆ ಬಿಗಿದಿದ್ದರು. ಜನರೆಲ್ಲ ಆಚೆ ಬದಿಯಲ್ಲಿ ಕೂತಿದ್ದರು. ಪರದೆ ಕಟ್ಟಿದವನನ್ನು ಕೇಳಿದೆವು. "ಬುವಾ ಅವರಿಗೆ ಮುಂಜಾನಿ ಬಿಸಲು ಕಣ್ಣಿಗೆ ತಾಳೂದಿಲ್ರಿ. ಯಾವಾಗಲೂ ಪಶ್ಚಿಮಕ್ಕ ಕುಂದರ್ತಾರ" ಎಂದ.

"ನೇಮಾ ಅಂದಿದ್ದಿ?" ಎಂದು ಮಾರುತಿ ಕೇಳಿದ.

"ಇತ್ತಿತ್ತಲಾಗ ಬದಲಿ ಮಾಡಿರಬೇಕು" ಎಂದೆ.

ಒಳಗೊಳಗೆ ನನಗೆ ಸಂತೋಷವೇ ಆಗಿತ್ತು. ಪರದೆಯ ಹಿಂದೆ ಕೂತವನನ್ನು ಬುವಾ ನೋಡುವುದಾದರೂ ಹೇಗೆ? ಆ ಸಂತೋಷದಲ್ಲೇ ತಾಡಪತ್ರಿಯ ಸಂದಿಯಿಂದ ಹೊರಗೆ ಇಣುಕಿದೆ. ಬಿಳಿ ಧೋತರ, ಕಂದು ಶಾಲು, ಅದೇ ನಡಿಗೆ. ಬುವಾ ನೆಟ್ಟಗೆ ನಮ್ಮ ಟೆಂಟಿನ ಕಡೆಗೇ ಬರುತ್ತಿದ್ದರು. ವೇದಿಕೆಯ ಹಿಂದಿರುವ ಟೆಂಟು ಹಾಡುವವರದಲ್ಲದೆ ಇನ್ಯಾರದು ಎಂದು ಅವರು ತಿಳಿದಿದ್ದರಲ್ಲಿ ತಪ್ಪೇನಿಲ್ಲ. ಓಡಿಹೋಗಲು ಹಿಂದೆ ಬಾಗಿಲಿರಲಿಲ್ಲ. ನಾನು ಮಾರುತಿಯ ಕಂಬಳಿಯನ್ನು ತಲೆತುಂಬ ಎಳೆದುಕೊಂಡು ಮಲಗಿಬಿಟ್ಟೆ. ನಂಬಿಕೆ ಬರಲೆಂದು ಗೊರಕೆಯನ್ನೂ ಸೇರಿಸಿದೆ.

"ಇಲ್ಲೇ ಕುಂದರಬೇಕೇನ್ರಿ?" ಎಂಬ ಧ್ವನಿ ಕೇಳಿತು.

ಬಸಲಿಂಗಪ್ಪ ಗಡಬಡಿಸಿ ಗಾದಿ ಕೊಡವಿದ. "ಬರ್ರಿ ಬುವಾ, ಕುಂದರ್ರಿ. ಚಹಾ ಆಗೇತಿ" ಎಂದವನು ಮಾರುತಿ. ಚಹಾ ಬಸಿಯುವ ಸಪ್ಪಳದ ನಡುವೆ ಬಸಲಿಂಗಪ್ಪ ಧೈರ್ಯ ತಂದುಕೊಂಡ. "ನಮ್ಮ ದೋಸ್ತ ನಿಮಗ ಭಾಳ ಬೇಕಾದಾಂವ್ರಿ. ಶಂಕ್ರಪ್ಪ ಅಂತ. ಲೋಂಡಾದಾಗ ನಿಮ್ಮ ತಂಬೂರಿ ಹಿಡದಿದ್ದನಂತಲ್ರಿ."

ಕಂಬಳಿಯೊಳಗೆ ನಾನು ಗೊರಕೆ ಮರೆತೆ.

"ಲೋಂಡಾ..." ಎಂದರು ಬುವಾ. "ಹೌದು. ಅವತ್ತು ನನಗ ಮೈತುಂಬ ಜ್ವರಾ. ಅದು ನಮ್ಮ ಗುರುಗಳ ತಂಬೂರಿ. ಗಾಡಿ ಸಂಗತೀನ ಹೋಗಿಬಿಡತಿತ್ತು. ಆ ಪುಣ್ಯಾತ್ಮನ ಹೆಸರು ಕೇಳಲಿಲ್ಲಂತ ಇವತ್ತಿಗೂ ಮನಸಿನಾಗ ಐತ್ರಿ. ಎಲ್ಲಿದ್ದಾರ ಅವರು?"

"ಇಲ್ಲೇ ಅದಾನ್ರಿ. ಮಲಗ್ಯಾನ" ಎಂದು ಮಾರುತಿ ನನ್ನ ಹೆಗಲು ಹಿಡಿದು ಅಲುಗಾಡಿಸಿದ.

ಆಗ ಎದ್ದು ಕೂತಿದ್ದರೆ ಎಲ್ಲ ಸರಿಯಾಗಿ ಮುಗಿದುಹೋಗುತ್ತಿತ್ತು. ಆದರೆ ಎದ್ದರೆ ಮುಂದೆ ಚಹಾದ ಮಾತು ಬರುತ್ತದೆ, ನಮ್ಮ ಮನೆಗೆ ಇಳಿಯುವ ಹಟದ ಮಾತು ಬರುತ್ತದೆ ಎಂದು ಹೆದರಿ ಹೆಣದಂತೆ ಬಿದ್ದುಕೊಂಡೆ. ಕಣ್ಣಲ್ಲಿ ನೀರು ಬಂದಿತ್ತು, ಅದೂ ಖರೇ. "ಇರ್ಲಿ, ಎಬ್ಬಸಬ್ಯಾಡ್ರಿ" ಎಂದು ಬುವಾ ಎದ್ದರು. ಬಸಲಿಂಗಪ್ಪ ಬೆನ್ನು ಹತ್ತಿ ಹೋಗಿ ಮಗಳ ವಿಷಯವನ್ನು ತಾನೇ ಕೇಳಿದ. "ಗುರುವಾರ ಕರಕೊಂಡು ಬರ್ರಿ" ಎಂದರಂತೆ.

ಪರದೆಯ ಹಿಂದಿನಿಂದ ಕೇಳಿದ ಆ ಹಾಡಿನಷ್ಟು ಒಳ್ಳೆಯ ಹಾಡನ್ನು ನಾನು ಕೇಳಿಲ್ಲ. ಮುಗಿಯುತ್ತಲೇ ಬುವಾ ಆಚೆಯ ಮೆಟ್ಟಿಲಿನಿಂದಲೇ ಇಳಿದು, ಜನರ ನಡುವೆ ಕಾರು ಹತ್ತಿ ಹೋದರು. "ಅವರಾಗಿ ಬಂದು ಬಾಜೂಕ ಕುಂತ್ರು, ನೀ ಗೊರಕಿ ಹೊಡದಿ" ಎಂದು ಗೆಳೆಯರು ಇಂದಿಗೂ ಆಡಿಕೊಳ್ಳುತ್ತಾರೆ. ನಾನು ಎಚ್ಚರವಾಗಿದ್ದೆ ಎನ್ನಬೇಕಾದರೆ ಯಾಕೆ ಮಲಗಿದೆ ಎಂಬುದನ್ನೂ ಹೇಳಬೇಕಾಗುತ್ತದೆ. ಸುಮಿತ್ರಾಳಿಗೆ ಮಾತ್ರ ಹೇಳಿದೆ. ಅವಳು ಕೆಮ್ಮಲಿಲ್ಲ, ನೆಲದ ಮೇಲೆ ಕೂತು ನಕ್ಕಳು.

ಕಳೆದ ಗುರುವಾರ ಪಾಠ ಮುಗಿಸಿ ಬಂದ ಅಕ್ಷತಾ ನಮ್ಮ ಕಟ್ಟೆಯ ಹತ್ತಿರ ನಿಂತು, "ಕಾಕಾ, ಬುವಾ ನಿಮ್ಮನ್ನ ಕೇಳಿದ್ರು" ಎಂದಳು.

"ಏನಂತ?"

"ನಿಮ್ಮ ನಿದ್ದಿ ಶಂಕ್ರಪ್ಪ ಆರಾಮದಾರೇನವಾ ಅಂತ."

ಬುವಾ ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ಈ ಮಾತಿನಲ್ಲಿ ಈಗ ಒಂದು ಕಾಳು ಶೇಂಗಾದಷ್ಟೂ ಹೆಚ್ಚಿಗೆಯಿಲ್ಲ. ಇದೊಂದನ್ನು ಮಾತ್ರ ನಾನು ಕಟ್ಟೆಯ ಮೇಲೆ ಯಾರಿಗೂ ಹೇಳಿಲ್ಲ.