ಲದ್ದಿ ಬೆರೆಸಿದ ಐರಾಣಿ

ಮಣ್ಣಿಗೆ ಏನಾದರೂ ಬೆರೆಸದಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಬೆರೆಸಿದರೆ ಊರು ಸುಮ್ಮನಿರುವುದಿಲ್ಲ. ನಿಜಾಮರ ಕಾಲದಲ್ಲಿ ಚೌಡಾಪುರದಲ್ಲಿ ಗಡಿಗೆ ಮಾಡಿದಷ್ಟು ದಿನವೂ ಇದೇ ಹಾಡು.

ಜೋಳದ ಹೊಟ್ಟು

ನಮ್ಮ ಕಡೆಯ ಎರೆಮಣ್ಣು ಒಣಗಿದರೆ ಬಿರಿಯುತ್ತದೆ. ಹಿಡಿತಕ್ಕೆಂದು ಒಮ್ಮೆ ಜೋಳದ ಹೊಟ್ಟು ಬೆರೆಸಿ ಗಡಿಗೆ ಮಾಡಿ, ಬೇಗ ಒಣಗದಿರಲೆಂದು ಹಸಿ ಗೋಣಿಚೀಲ ಹೊದಿಸಿದೆ. ಹೊಟ್ಟಿನಲ್ಲಿ ಕಾಳು ಉಳಿದದ್ದು ಗೊತ್ತಾಗಲಿಲ್ಲ. ಚೀಲ ತೆಗೆದರೆ ಗಡಿಗೆಗೆ ಹಸಿರು ಗಡ್ಡ!

ಕೊಳ್ಳಲು ಬಂದ ರೈತ ಸುತ್ತ ತಿರುಗಿ ನೋಡಿ, "ಕುಂಬಾರಣ್ಣಾ, ಇದಕ ಕಳಿ ತೆಗ್ಯಾಕ ಎಡಿ ಯಾವಾಗ ಹೊಡೀತಿ?" ಅಂದ.

ಉಪ್ಪು

ಉಪ್ಪು ಬೆರೆಸಿದರೆ ಗಡಿಗೆಯ ನೀರು ತಂಪಾಗುತ್ತದೆ ಎಂದು ಯಾರೋ ಹೇಳಿದರು. ಎಷ್ಟು ಎಂದು ಹೇಳಲಿಲ್ಲ. ನನ್ನ ಕೈ ದೊಡ್ಡದು. ಆ ಗಡಿಗೆ ಒಯ್ದು ನೀರು ಕುಡಿದ ನೆರೆಮನೆಯಾಕೆ ಓಡಿ ಬಂದಳು. ನಾನು ಬಾಗಿಲ ಹಿಂದೆ ಅಡಗಿದೆ. ಆಕೆ ನನ್ನ ಹೆಂಡತಿಗೆ, "ಯಕ್ಕಾ, ಇನ್ನೊಂದು ಗಡಿಗಿ ಕೊಡ್ರಿ. ಬ್ಯಾಳಿ ಅದರಾಗ ಬೇಯಸ್ತೇನಿ, ಉಪ್ಪು ಉಳೀತೈತಿ," ಅಂದಳು!

ಐರಾಣಿ

ಗೌಡರ ಮಗಳ ಮದುವೆ. ಪೂಜೆಗಿಡಲು ಬಣ್ಣ ಬರೆದ ಐರಾಣಿ ಗಡಿಗೆಗಳನ್ನು ಹಲಗೆ ಬಾರಿಸುತ್ತ ಕುಂಬಾರರ ಮನೆಯಿಂದಲೇ ಒಯ್ಯುವುದು ಪದ್ಧತಿ. ಅವು ಬಿರಿದರೆ ಅಪಶಕುನ. ಮುಂದೆ ಯಾವ ಮದುವೆಯವರೂ ನನ್ನ ಬಾಗಿಲು ತುಳಿಯುವುದಿಲ್ಲ. ಗೌಡರ ತಾಯಿ, ಮಡಿಯ ಮುದುಕಿ, ಮೊದಲೇ ಹೇಳಿ ಕಳಿಸಿದ್ದರು: "ಬರೇ ಮಣ್ಣು. ಏನೂ ಬೆರಸಬ್ಯಾಡ."

ಬರೇ ಮಣ್ಣಿನವು ಸುಡುವಾಗ ಒಂದೂ ಉಳಿಯದೆ ಒಡೆದವು. ಜೊತೆಗೆ ಸಂತೆಗೆಂದು ಸುಟ್ಟ, ಕತ್ತೆ ಲದ್ದಿ ಬೆರೆಸಿದವು ಮಾತ್ರ ಗಟ್ಟಿಯಾಗಿ ಕೂತಿದ್ದವು. ಬೇರೆ ದಾರಿ ಇಲ್ಲದೆ ಅವಕ್ಕೇ ಬಣ್ಣ ಬರೆದು ಮುಗಿಸುವಷ್ಟರಲ್ಲಿ ಹಲಗೆಯ ಸದ್ದು ಬಾಗಿಲಿಗೇ ಬಂತು.

ಹಲಗೆಯವರ ಜೊತೆ ಬಂದ ಮುದುಕಿ ಒಂದನ್ನು ಬಡಿದು ನೋಡಿದರು. ಟಣ್ ಎಂದಿತು. "ಶುದ್ಧ ಮಣ್ಣಂದ್ರ ಹಿಂಗಿರಬೇಕು ನೋಡು!"

ಹೆಂಡತಿ ನನ್ನ ಮುಖ ನೋಡಿದಳು. "ಅವ್ವಾರ, ಇದರಾಗ ಕತ್ತಿ ಲದ್ದಿ ಐತ್ರಿ," ಅಂದುಬಿಟ್ಟೆ. ಹಲಗೆ ನಿಂತಿತು.

"ಬೆಂಕ್ಯಾಗ ಸುಟ್ಟೀಯಿಲ್ಲೋ?"

"ಸುಟ್ಟೇನ್ರಿ."

"ಹಂಗಾರ ಇನ್ನೆಲ್ಲಿ ಲದ್ದಿ? ಶುದ್ಧ ಆತು. ಎತ್ರಿ!"

ಅಬ್ಬಾ, ಹೋದ ಜೀವ ಬಂದಂತಾಯಿತು! ಹಲಗೆ ಮತ್ತೆ ಶುರುವಾಯಿತು. ಎಲ್ಲರೂ ಹೊರಟ ಮೇಲೆ ಮುದುಕಿ ಹಿಂದೆ ಉಳಿದು, ಗಡಿಗೆ ಸುಡುವ ಆವಿಗೆಯನ್ನು ಮೇಲೆ ಕೆಳಗೆ ನೋಡಿ ಮೆಲ್ಲಗೆ ಕೇಳಿದರು:

"ಕುಂಬಾರಾ, ನಮ್ಮ ಹೊಸಾ ಬೀಗರು ನಾಕ ಮಂದಿ ಬಂದಾರ. ಇದರಾಗ ಹಿಡೀತಾರೇನು?"