ಒಂದೇ ನಕ್ಷತ್ರದ ದೊಣ್ಣೆವರಸೆ

ಅಂಕಿ ಚಿಕ್ಕದಾದಷ್ಟೂ ಗೌರವ ದೊಡ್ಡದು ಎಂದು ನಂಬಿ ಬೆಳೆದವನು ನಾನು. ಒಂದನೇ ರ‍್ಯಾಂಕು, ಒಂದನೇ ಬೆಂಚು, ಮದುವೆಮನೆಯಲ್ಲಿ ಒಂದನೇ ಪಂಕ್ತಿ. ಡ್ರಿಲ್ ಮಾಸ್ತರನಾಗಿದ್ದಷ್ಟು ಕಾಲವೂ ಓಟದಲ್ಲಿ ಐದನೆಯವನಾಗಿ ಬಂದವನ ಬೆನ್ನು ತಟ್ಟಿದ ನೆನಪಿಲ್ಲ. ಈ ನಂಬಿಕೆಯೇ ಭಾವಮೈದ ನಂಜುಂಡನ ಸಿನಿಮಾಕ್ಕೆ ಮುಳುವಾಯಿತು.

ಪಾಳೇಗಾರರ ಕಾಲದ ದೊಣ್ಣೆವರಸೆಯ ಚಿತ್ರ. ತಿಲಕ್ ನಗರದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ನಂಜುಂಡ, ನಾಯಕನಿಗೆ ದೊಣ್ಣೆ ಬೀಸುವುದನ್ನು ಕಲಿಸಿ, ತಾನೇ ಗುರುವಿನ ಪಾತ್ರವನ್ನೂ ಮಾಡಿ, ಮಧ್ಯಂತರಕ್ಕೆ ಮುಂಚೆ ಸಾಯುತ್ತಾನೆ. ಸಾಯಲು ಪೂರ್ತಿ ಒಂಬತ್ತು ನಿಮಿಷ ತೆಗೆದುಕೊಂಡ. ನಾನು ಗಡಿಯಾರ ನೋಡಿದ್ದೇನೆ. ಬಿಡುಗಡೆಯ ಮೊದಲ ಭಾನುವಾರ ಜನ ತುಂಬಿದರೆ ಎರಡನೇ ಭಾಗ ಬರುತ್ತದೆ, ಅದರಲ್ಲಿ ಅವನು ದೆವ್ವವಾಗಿ ಮರಳುತ್ತಾನೆ. ಇಲ್ಲವಾದರೆ ಮತ್ತೆ ಪಂಕ್ಚರ್ ಹಾಕುವುದೇ. "ಭಾವ, ಟಿಕೆಟ್ ಆ್ಯಪ್‌ನಲ್ಲಿ ಸ್ಟಾರ್ ಕೊಡ್ಸಿ, ನಿಮ್ ಕಾಲಿಗೆ ಬೀಳ್ತೀನಿ" ಎಂದಿದ್ದ.

ಕೊಡಿಸಿದೆ. ನಮ್ಮ ಜಯನಗರದ ಪಾರ್ಕಿನಲ್ಲಿ ನಡೆಯುವ ಹನ್ನೆರಡು ಹಿರಿಯರನ್ನು ಶುಕ್ರವಾರ ಮ್ಯಾಟಿನಿಗೆ ಸಾಲಾಗಿ ಕರೆದೊಯ್ದೆ. ಶನಿವಾರ ಬೆಳಗ್ಗೆ ಆರೂಮುಕ್ಕಾಲಿಗೆ ಅದೇ ಸಾಲಿನಲ್ಲಿ ನಿಲ್ಲಿಸಿ ಸೀಟಿ ಊದಿದೆ.

"ಮೊಬೈಲ್ ತೆಗೀರಿ. ಒಂದು ಸ್ಟಾರ್. ಒತ್ತಿ!"

ನಿವೃತ್ತ ಬ್ಯಾಂಕ್ ಮ್ಯಾನೇಜರ್ ರಾಮಣ್ಣ ಮಾತ್ರ, "ಮೇಷ್ಟ್ರೇ, ಐದು ಒತ್ಬೇಕಲ್ವಾ?" ಎಂದರು.

"ಐದನೇ ಸ್ಥಾನ ಯಾರಿಗ್ರೀ ಬೇಕು?" ಎಂದು ಗದರಿದೆ. ಎಲ್ಲರೂ ಒತ್ತಿದರು, ನಾನೂ ಒತ್ತಿದೆ.

ಮಧ್ಯಾಹ್ನದ ಹೊತ್ತಿಗೆ ಯೂಟ್ಯೂಬ್ ವಿಮರ್ಶಕರು ಎದ್ದು ಕೂತಿದ್ದರು. ಒಂದೇ ನಿಮಿಷದಲ್ಲಿ ಹದಿಮೂರು ಒಂಟಿ ನಕ್ಷತ್ರ, ಪ್ರತಿಯೊಂದರ ಪಕ್ಕದ ಫೋಟೋದಲ್ಲೂ ನರೆತ ತಲೆ! ಪಾಳೇಗಾರನ ಪಂಚೆಯ ಅಂಚು ತಪ್ಪಾಗಿದ್ದು ಹಿರಿಯರಿಗೆ ನೋವಾಗಿದೆ ಎಂದನೊಬ್ಬ. ನಾವೆಲ್ಲ ಶತ್ರು ಪಾಳೇಗಾರನ ವಂಶಸ್ಥರು ಎಂದು ಇನ್ನೊಬ್ಬ ಕಂಡುಹಿಡಿದ. ಮತ್ತೊಬ್ಬ, ಇಷ್ಟು ಶಿಸ್ತಿನ ವಿಮರ್ಶೆ ಕನ್ನಡದಲ್ಲಿ ಬಂದೇ ಇಲ್ಲ ಎಂದ. ಅದನ್ನು ಕೇಳಿ ನನಗೆ ಸ್ವಲ್ಪ ಹೆಮ್ಮೆಯಾದದ್ದು ನಿಜ.

ಸಂಜೆ ನಂಜುಂಡ ದೊಣ್ಣೆ ಸಮೇತ ಬಂದ. "ಸಿನಿಮಾದಲ್ಲಿ ಒಬ್ಬ ಸಾಯಿಸ್ದ, ಉಳಿದಿದ್ದನ್ನ ನೀವು ಮುಗಿಸಿದ್ರಲ್ಲ ಭಾವ!"

"ಫಸ್ಟ್ ರ‍್ಯಾಂಕ್ ಕೊಡ್ಸಿದೀನಲ್ಲೋ!"

ಅಡುಗೆಮನೆಯಿಂದ ನನ್ನ ಹೆಂಡತಿ ಸರೋಜ ಹೊರಬಂದಳು. "ಅಯ್ಯೋ, ಅದು ರ‍್ಯಾಂಕ್ ಅಲ್ಲ ರೀ, ಮಾರ್ಕ್ಸು. ಐದಕ್ಕೆ ಒಂದು ಕೊಟ್ಟಿದೀರ!"

ನಂಜುಂಡ ದೊಣ್ಣೆ ಊರಿಕೊಂಡು ಕುರ್ಚಿಯಲ್ಲಿ ಕುಸಿದ. ಆ ಕುಸಿತಕ್ಕೆ ಮಾತ್ರ ಒಂಬತ್ತು ನಿಮಿಷ ಹಿಡಿಯಲಿಲ್ಲ.

ಭಾನುವಾರ ಬೆಳಗ್ಗೆ ಆರೂಮುಕ್ಕಾಲಿಗೆ ಮತ್ತೆ ಸೀಟಿ, ಮತ್ತೆ ಸಾಲು. ಹದಿಮೂರೂ ಒಂದುಗಳು ಒಂದೇ ನಿಮಿಷದಲ್ಲಿ ಐದಾದವು. ರಾಮಣ್ಣ ನನ್ನ ಮುಖ ನೋಡದೆ ಒತ್ತಿದರು, ಸಂಭಾವಿತರು. "ಹಿರಿಯರಿಗೆ ಬೆದರಿಕೆ ಹಾಕಿದವರು ಯಾರು?" ಎಂದು ವಿಮರ್ಶಕರು ಹೊಸದಾಗಿ ಕೂಗಿದರು. ಅದೇನೆಂದು ನೋಡಲು ಜನ ನುಗ್ಗಿದರು. ಸಂಜೆಯ ಆಟ ಭರ್ತಿ. ನಂಜುಂಡನಿಗೆ ದೆವ್ವದ ಪಾತ್ರ ಗಟ್ಟಿಯಾಯಿತು.

ಸೋಮವಾರ ಉಪ್ಪಿಟ್ಟು ತಿನ್ನುವಾಗ ಉತ್ಸಾಹದಲ್ಲಿ ಸರೋಜಳನ್ನು ಕೇಳಿದೆ: "ಗಂಡನಾಗಿ ನನಗೆ ಎಷ್ಟು ಕೊಡ್ತೀಯೆ?"

ಒಲೆಯಿಂದ ಮುಖ ತಿರುಗಿಸದೆಯೇ ಅವಳು ಒಂದು ಬೆರಳು ಎತ್ತಿದಳು.

ರ‍್ಯಾಂಕೋ ಮಾರ್ಕ್ಸೋ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.