ಹಬ್ಬಿನ ಕುಚ್ಚು

ಸೋಮಾರಿಗಳಲ್ಲಿ ಎರಡು ಜಾತಿ. ಒಬ್ಬರು ಏನೂ ಮಾಡುವುದಿಲ್ಲ, ಅವರಿಂದ ಯಾರಿಗೂ ತೊಂದರೆಯಿಲ್ಲ. ಇನ್ನೊಬ್ಬರು ವರ್ಷಕ್ಕೊಮ್ಮೆ ಮೈಮೇಲೆ ಬಂದವರಂತೆ ಕೆಲಸ ಮಾಡುತ್ತಾರೆ. ನಾನು ಈ ಎರಡನೆಯ ಜಾತಿ. ಕೆಲಸವಿಲ್ಲದ ಬಡಗಿ ಮಗನ ಮುಕುಳಿ ಕೆತ್ತಿದನಂತೆ ಎಂದು ನನ್ನ ಹೆಂಡತಿ ಆಗಾಗ ಹೇಳುವುದು ಯಾರನ್ನು ಕುರಿತು ಎಂದು ನಾನು ಕೇಳಲು ಹೋಗಿಲ್ಲ.

ನಮ್ಮ ರಾಬರ್ಟ್‌ಸನ್‌ಪೇಟೆಯ ಮನೆಯಲ್ಲಿ ಮಾವನವರ ಸೈಕಲ್ ಇದೆ. ಊರಿಗಾಮಿನ ಕಾರ್ಮಿಕರ ಲೈನಿನ ಮನೆಯಿಂದ ಚಿನ್ನದ ಗಣಿಗೆ ಅವರು ಸರ್ವೀಸಿನುದ್ದಕ್ಕೂ ತುಳಿದದ್ದು. ಮಂಡಿ ನೋವು ಬಂದ ಮೇಲೆ ನನಗೆ ಕೊಟ್ಟರು. ಕೊಟ್ಟರೂ ಪ್ರತಿ ಆಯುಧಪೂಜೆಗೆ ಅತ್ತೆಯೊಡನೆ ಬಂದು ಪರೀಕ್ಷೆ ಮಾಡುತ್ತಾರೆ. ಹೋದ ವರ್ಷ ರಿಮ್ಮಿನ ಮೇಲೂ ಚಕ್ರದ ನಡುವಿನ ಹಬ್ಬಿನ ಮೇಲೂ ತುಕ್ಕು ನೋಡಿ, ಮುಂದಿನ ಸಲವೂ ಹೀಗೇ ಇದ್ದರೆ ವಾಪಸ್ ಒಯ್ಯುತ್ತೇನೆ ಎಂದುಬಿಟ್ಟರು. ಮಗಳನ್ನು ಕೊಟ್ಟವರು ಸೈಕಲ್ ನಂಬಿ ಕೊಡಲಾರರು ಎಂದರೆ ಅಳಿಯನಿಗೆ ಇನ್ನೇನು ಮರ್ಯಾದೆ ಉಳಿಯಿತು? ನನಗೆ ನಿಜವಾಗಿಯೂ ಭಯವಾಗಿತ್ತು.

ಈ ಸಲ ಮೂರು ದಿನ ರಜೆ ಹಾಕಿ ಕೂತೆ. ಒಂದೊಂದೇ ಕಡ್ಡಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿದೆ. ರಿಮ್ಮಿಗೆ ಸೋಪಿನ ಪುಡಿ ಹಾಕಿ ತಿಕ್ಕಿದೆ. ಟೈರಿನ ಗೀರುಗಳಲ್ಲಿದ್ದ ಮಣ್ಣನ್ನು ಬೆಂಕಿಕಡ್ಡಿಯಿಂದ ಕೆದಕಿ, ಪಕ್ಕಗಳಿಗೆ ಕೊಬ್ಬರಿ ಎಣ್ಣೆ ಸವರಿದೆ. ನನ್ನ ತಲೆಯೂ ಅಷ್ಟು ಎಣ್ಣೆ ಕಂಡಿರಲಿಲ್ಲ. ಮುಂದಿನ ಚಕ್ರದ ಹಬ್ಬಿಗೆ ಉಲ್ಲನ್ನಿನ ಕೊಳಕು ಕುಚ್ಚೊಂದು ಬಳೆಯ ಹಾಗೆ ಸುತ್ತಿಕೊಂಡಿತ್ತು. ಬ್ಲೇಡಿನಿಂದ ಕತ್ತರಿಸಿ, ಅದರಲ್ಲೇ ಚೈನೂ ಒರೆಸಿದೆ. ಒಳ್ಳೆಯ ಬಟ್ಟೆ ಸಿಕ್ಕಿತೆಂದು ಸಂತೋಷವೂ ಆಯಿತು.

ಮಾವ ಬಂದವರೇ ರಿಮ್ಮಿನ ಮೇಲೆ ಬೆರಳಾಡಿಸಿದರು. ಚಕ್ರ ತಿರುಗಿಸಿ ನೋಡಿದರು. ನಾನು ಹೊಗಳಿಕೆಗೆ ಕಿವಿ ನಿಮಿರಿಸಿ ನಿಂತಿದ್ದೆ.

"ಕುಚ್ಚೆಲ್ಲಪ್ಪಾ ಅಳಿಮಯ್ಯ?" ಎಂದರು.

ನಾನು ಸೀಮೆಎಣ್ಣೆ ಡಬ್ಬಿ ತೋರಿಸಿದೆ. ಅವರು ಅದರಲ್ಲಿ ನೆನೆಯುತ್ತಿದ್ದ ಕುಚ್ಚನ್ನು ಎತ್ತಿ ಹಿಂಡಿ, ಅತ್ತೆಯ ಕೈಗೆ ಕೊಟ್ಟರು. ನನ್ನ ಹೆಂಡತಿ ಕೂಸಾಗಿದ್ದಾಗ ಟೋಪಿ ಹೆಣೆದು ಉಳಿದ ಉಲ್ಲನ್ನಿನಲ್ಲಿ ಅತ್ತೆ ಮಾಡಿದ್ದಂತೆ. ಅತ್ತೆ ಸೋಪು ಮಾತ್ರ ಕೇಳಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಇಷ್ಟು ವರ್ಷ ಹಬ್ಬು ಹೊಳೆಯುವಂತೆ ಇಟ್ಟದ್ದು ಅದೇ ಎಂದು ಮಾವ ಹೇಳಿದಾಗ, ಮತ್ತೆ ನನ್ನ ಕಾಲದಲ್ಲಿ ತುಕ್ಕು ಯಾಕೆ ಹಿಡಿಯಿತು ಎಂದು ನಾನು ಬುದ್ಧಿವಂತನಂತೆ ಕೇಳಿದೆ.

"ಚಕ್ರ ತಿರುಗ್ತಾ ಇದ್ರೆ ಅದೇ ಒರಿಸ್ಕೊಂತದೆ. ನೀನು ತುಳಿದ್ರೆ ತಾನೆ? ನಾನು ಕೊಟ್ಟಿದ್ದು ಒರ್ಸಾಕಲ್ಲ, ತುಳ್ಯಾಕೆ."

ಸೈಕಲ್ ಒಯ್ಯಲಿಲ್ಲ. ಅತ್ತೆ ಕುಚ್ಚು ತೊಳೆದು, ಒಣಗಿಸಿ, ಮತ್ತೆ ಹೊಲಿದು ಸುತ್ತಿದರು. ಶಿಕ್ಷೆ ಮಾತ್ರ ಗಟ್ಟಿಯಾಯಿತು: ಪ್ರತಿ ಭಾನುವಾರ ನಾನು ಸೈಕಲ್ ತುಳಿದುಕೊಂಡು ಊರಿಗಾಮಿಗೆ ಹೋಗಿ ಹಬ್ಬು ತೋರಿಸಿ ಬರಬೇಕು. ಈಗ ಅದು ಕನ್ನಡಿಯಂತಿದೆ. ಏರಿನಲ್ಲಿ ಏದುಸಿರು ಬಂದಾಗ ನಾನು ಇಳಿದು, ನೋಡುವವರು ಇರಲಿ ಬಿಡಲಿ, ಟೈರಿನ ಗಾಳಿಯನ್ನು ಬಹಳ ಹೊತ್ತು ಪರೀಕ್ಷಿಸುತ್ತೇನೆ.